ಹೊಸ ಅಯ್ಯನವರಿಗೆ ಅತ್ತೆಯ ಕಿವಿಮಾತು

ತಮ್ಮಾ, ಬರುವ ಭಾನುವಾರದಿಂದ ಸಭೆಯವರೆಲ್ಲ ನಿನ್ನನ್ನು ಅಯ್ಯನವರೇ ಎನ್ನುತ್ತಾರೆ. ದೇವಾಲಯದ ಮೆಟ್ಟಿಲ ಮೇಲೆ ನಾನೂ ಹಾಗೇ ಕರೆಯುತ್ತೇನೆ. ಮನೆಯೊಳಗೆ ಮಾತ್ರ ನೀನು ನನ್ನ ಅಣ್ಣನ ಮಗ. ಆ ಸಲುಗೆಯಿಂದಲೇ ಈ ಮಾತು. ನಿನ್ನ ಸಭೆ ಬಾಗಲಕೋಟೆ ಸೀಮೆಯದು. ರಾಜ್ಯದಲ್ಲಿ ಎಚ್‌ಐವಿ ಹೆಚ್ಚಾಗಿ ಕಂಡ ಜಿಲ್ಲೆಗಳಲ್ಲಿ ಅದೂ ಒಂದು. ನಿನ್ನೆದುರಿನ ಬೆಂಚುಗಳಲ್ಲಿ ಅಂಥವರು ಕೂತಿರಬಹುದು. ಯಾರೆಂದು ಹುಡುಕಲು ಹೋಗಬೇಡ.

ಮೊದಲು ನನ್ನ ತಪ್ಪು ಹೇಳಿಬಿಡುತ್ತೇನೆ. ತೊಂಬತ್ತರ ದಶಕದಲ್ಲಿ ನಾನು ನರ್ಸಾಗಿದ್ದ ವಾರ್ಡಿಗೆ ಅಂಥ ರೋಗಿಯೊಬ್ಬ ಮೊದಲ ಸಲ ಬಂದ. ಎರಡು ಜೊತೆ ಗ್ಲೌಸು ಹಾಕಿಕೊಂಡು, ಅವನ ಊಟದ ತಟ್ಟೆಯನ್ನು ಕಾಲಿನಿಂದ ಒಳಕ್ಕೆ ಸರಿಸಿದವಳು ನಾನು. ಅವತ್ತು ಬೆಳಗಿನ ಪ್ರಾರ್ಥನೆಯಲ್ಲಿ ಅವನಿಗಾಗಿ ಬೇಡಿಕೊಂಡಿದ್ದೆ ಬೇರೆ! ಆಗ ನಿರೀಕ್ಷೆ ಎಂದರೆ ನಮ್ಮ ಮಟ್ಟಿಗೆ ಪರಲೋಕದ್ದು ಮಾತ್ರ. 2004ರ ಏಪ್ರಿಲ್ 1ರಿಂದ ಸರ್ಕಾರ ಈ ವೈರಸ್ಸನ್ನು ಹತ್ತಿಕ್ಕುವ ಎಆರ್‌ಟಿ ಗುಳಿಗೆಗಳನ್ನು ಪುಕ್ಕಟೆ ಕೊಡತೊಡಗಿದ ಮೇಲೆ, ಸ್ಟ್ರೆಚರಿನಲ್ಲಿ ಬಂದವರು ಕೆಲವು ತಿಂಗಳಲ್ಲಿ ನಡೆದುಕೊಂಡು ಬರುವುದನ್ನು ಕಂಡೆ. ನಿರೀಕ್ಷೆ ಎಂಬ ಪದ ಈ ಲೋಕಕ್ಕೂ ಸಲ್ಲುತ್ತದೆ ಎಂದು ತಿಳಿದದ್ದು ಆಗ.

ನನಗೆ ಹೆಚ್ಚು ಭಯವಿರುವುದು ಸಾಕ್ಷಿ ಹೇಳುವ ಕೂಟಗಳ ಬಗ್ಗೆ. ಗುಳಿಗೆಯನ್ನು ದಿನವೂ ತಪ್ಪದೆ ತಿಂದರೆ ರಕ್ತದಲ್ಲಿ ವೈರಸ್ ಎಷ್ಟು ಇಳಿಯುತ್ತದೆಂದರೆ, ವೈರಲ್ ಲೋಡ್ ಪರೀಕ್ಷೆಗೂ ಸಿಗುವುದಿಲ್ಲ. ಆ ಮಟ್ಟದಲ್ಲೇ ಇರುವವರಿಂದ ದಾಂಪತ್ಯದಲ್ಲಿ ಸೋಂಕು ದಾಟುವುದೂ ಇಲ್ಲ. ಆದರೆ ವೈರಸ್ ಹೋಗಿರುವುದಿಲ್ಲ, ದೇಹದೊಳಗೆ ಅಡಗಿರುತ್ತದೆ. ರಿಪೋರ್ಟಿನಲ್ಲಿ 'ಕಾಣಿಸಲಿಲ್ಲ' ಎಂದು ಬಂದದ್ದನ್ನು ಯಾರೋ ಉಪದೇಶಿ 'ವಾಸಿಯಾಯಿತು' ಎಂದು ಓದುತ್ತಾನೆ, ಜನ ಸ್ತೋತ್ರ ಎನ್ನುತ್ತಾರೆ, ಆ ಮನುಷ್ಯ ಗುಳಿಗೆ ಬಿಡುತ್ತಾನೆ. ಕೆಲವೇ ವಾರಗಳಲ್ಲಿ ವೈರಸ್ ಮತ್ತೆ ಏಳುತ್ತದೆ. ಹೀಗೆ ಬಿಟ್ಟು, ಮತ್ತೆ ಸ್ಟ್ರೆಚರಿನಲ್ಲೇ ಬಂದ ಒಬ್ಬಳ ಕಣ್ಣನ್ನು ನಾನೇ ಮುಚ್ಚಿದ್ದೇನೆ. ಹೆಸರು ಬೇಡ.

ನೀನು ಸೆಮಿನರಿಯಲ್ಲಿ ಓದಿದವನು, ಮಾರ್ಕನ ಸುವಾರ್ತೆಯ ಮೊದಲ ಅಧ್ಯಾಯ ತೆಗೆ. ಯೇಸು ಕುಷ್ಠರೋಗಿಯನ್ನು ಮುಟ್ಟಿ ಗುಣಪಡಿಸಿದ ಮೇಲೆ ಏನು ಹೇಳಿದನು? ಯಾರಿಗೂ ಹೇಳಬೇಡ, ಯಾಜಕನಿಗೆ ತೋರಿಸಿಕೋ ಎಂದನಲ್ಲವೇ? ಆ ಕಾಲದಲ್ಲಿ ಚರ್ಮ ನೋಡಿ ಶುದ್ಧ, ಅಶುದ್ಧ ಎಂದು ತೀರ್ಮಾನಿಸುವ ಅಧಿಕಾರವಿದ್ದದ್ದು ಯಾಜಕನಿಗೆ. ಕರ್ತನೇ ಪರೀಕ್ಷೆಗೆ ಕಳಿಸಿದ ಮೇಲೆ ನಾವು ಯಾಕೆ ಮೈಕು ಹಿಡಿಯಬೇಕು? ನಿನ್ನ ಪ್ರಾರ್ಥನೆ ಮುಗಿದ ಕೂಡಲೇ ಕೇಳು, ಇವತ್ತಿನ ಗುಳಿಗೆ ಆಯಿತೇ ಅಂತ.

ಕರ್ತನ ಭೋಜನದ ವಿಷಯವೂ ಇದೆ. ನಮ್ಮ ಸಭೆಯಲ್ಲಿ ಒಬ್ಬ ವಿಧವೆ ಎಲ್ಲರೂ ಮುಗಿಸಿದ ಮೇಲೆ ಪಾತ್ರೆಗೆ ಬಾಯಿ ಇಡುತ್ತಿದ್ದಳು. ಅವಳಾಗಿ ಹಿಂದೆ ಸರಿದಳೋ, ಸಭೆಯವರು ಸರಿಸಿದರೋ ಕೇಳಬೇಡ. ಎಂಜಲಿನಿಂದ, ಒಂದೇ ಪಾತ್ರೆಯಿಂದ ಎಚ್‌ಐವಿ ಬರುವುದಿಲ್ಲವೆಂದು ನಾನು ಮಹಿಳಾ ಕೂಟದಲ್ಲಿ ಎಷ್ಟೋ ಸಲ ಹೇಳಿದ್ದೆ. ತಲೆ ಆಡಿಸುತ್ತಿದ್ದರು, ಅಷ್ಟೇ. ಆಗಿನ ಅಯ್ಯನವರು ಆ ಬಗ್ಗೆ ಒಂದು ಪ್ರಸಂಗವನ್ನೂ ಮಾಡಲಿಲ್ಲ. ಉಳಿದ ದ್ರಾಕ್ಷಾರಸವನ್ನು ಮುಗಿಸುವ ಪದ್ಧತಿಯಂತೆ, ಅವಳ ನಂತರ ಅದೇ ಅಂಚಿನಿಂದ ಕುಡಿದು, ಬಿಳಿ ಬಟ್ಟೆಯಲ್ಲಿ ಪಾತ್ರೆ ಒರೆಸಿಟ್ಟರು. ತಿಂಗಳಿಗೊಮ್ಮೆ ಹಾಗೆ, ವರ್ಷಗಟ್ಟಲೆ.

ಇನ್ನು ಗುಟ್ಟು ಕಾಯುವ ಮಾತು. ಉಗಾಂಡದಲ್ಲಿ ಗಿಡಿಯನ್ ಬ್ಯಾಮುಗಿಶ ಎಂಬ ಆಂಗ್ಲಿಕನ್ ಪಾದ್ರಿ, ಹೆಂಡತಿಯನ್ನು ಕಳಕೊಂಡ ಮೇಲೆ, 1992ರಲ್ಲಿ ತನಗೆ ಎಚ್‌ಐವಿ ಇದೆ ಎಂದು ಬಹಿರಂಗವಾಗಿ ಹೇಳಿದರು. ಆಫ್ರಿಕದ ಧರ್ಮಗುರುಗಳಲ್ಲಿ ಹಾಗೆ ಮೊದಲು ಹೇಳಿದವರು ಅವರೇ. ಅದು ಅವರು ಹೇಳಬಹುದಾದ ಮಾತು. ಇನ್ನೊಬ್ಬರ ಬಗ್ಗೆ ನೀನು ಹೇಳುವಂಥದ್ದಲ್ಲ. ಪ್ರಾರ್ಥನೆಯ ಕೋರಿಕೆ ಓದುವಾಗ ಕಾಯಿಲೆಯ ಹೆಸರು ಬಾಯಿಗೆ ಬರಬಾರದು. ಮದುವೆ ಬರೆಸಲು ಬಂದವರಿಗೆ ಪರೀಕ್ಷೆ ಮಾಡಿಸಲೇಬೇಕೆಂದು ಹಿರಿಯರು ಹಟ ಹಿಡಿದರೆ, 2017ರ ಎಚ್‌ಐವಿ ಕಾಯಿದೆಯಲ್ಲಿ ಒಪ್ಪಿಗೆ ಇಲ್ಲದೆ ಪರೀಕ್ಷೆ ಇಲ್ಲ ಎಂದು ತಿಳಿಸು. ಗರ್ಭಿಣಿಯರನ್ನು ಮಾತ್ರ ಮೊದಲ ತಿಂಗಳುಗಳಲ್ಲೇ ಆಸ್ಪತ್ರೆಗೆ ಹೋಗುವಂತೆ ಒಲಿಸು. ತಾಯಿಗೆ ಎಚ್‌ಐವಿ ಇದ್ದು ಔಷಧ ಇಲ್ಲದಿದ್ದರೆ ನೂರರಲ್ಲಿ 15ರಿಂದ 45 ಮಕ್ಕಳಿಗೆ ತಾಯಿಯಿಂದ ಸೋಂಕು ಬರಬಹುದು. ಹೊತ್ತಿಗೆ ಸರಿಯಾಗಿ ಔಷಧ ಸಿಕ್ಕರೆ ಐದಕ್ಕಿಂತ ಕಡಿಮೆ. 2030ರೊಳಗೆ ಏಡ್ಸ್ ಕೊನೆಗಾಣಿಸುತ್ತೇವೆ ಎಂಬ ಬ್ಯಾನರನ್ನು ಬೇಕಾದರೆ ಗೇಟಿಗೆ ಕಟ್ಟು, ಬೇಡ ಎನ್ನುವುದಿಲ್ಲ.

ಆದರೆ ಗುಳಿಗೆ ತರಲು ಹೋದವರ ಅವತ್ತಿನ ಕೂಲಿ ಹೋಗುತ್ತದೆ. ಹೆಂಗಸರಿಗೆ ಬಸ್ಸು ಫ್ರೀ, ಗಂಡಸರಿಗೆ ಚಾರ್ಜು ಬೇರೆ. ಯಾರಾದರೂ ತಾವಾಗಿ ನಿನ್ನ ಬಳಿ ಬಂದು ಹೇಳಿಕೊಂಡರೆ ಕಾಣಿಕೆ ಹಣದಿಂದ ಕೊಡು. ಖಜಾಂಚಿಗೆ ಮೊದಲೇ ಹೇಳಿಟ್ಟಿರು. ಲೆಕ್ಕದ ಪುಸ್ತಕದಲ್ಲಿ 'ಪ್ರಯಾಣ ವೆಚ್ಚ' ಎಂದು ಬರೆ, ಹೆಸರು ಬರೆಯಬೇಡ.