ಮಾಡಿದ್ದನ್ನು ಅಂದೇ ಬರೆದಿಡು, ತಂಗೀ

ಸೈಬರ್ ಸೆಕ್ಯುರಿಟಿ ಓದುತ್ತಿದ್ದೀಯ, ರಜೆಗೆ ಅಣಶಿಗೆ ಬಂದರೂ ಲ್ಯಾಪ್‌ಟಾಪ್ ಕೆಳಗಿಡುವುದಿಲ್ಲ ಎಂದು ನಿನ್ನ ಅಪ್ಪ ಹೇಳಿದರು. ಕೇಳಿ ಬಹಳ ಖುಷಿಯಾಯಿತು, ತಂಗೀ. ಆದರೆ ಮಾಡಿದ್ದನ್ನು ಎಲ್ಲೂ ಬರೆದಿಡುವುದಿಲ್ಲವಂತೆ. ಅದಕ್ಕೇ ಈ ಪತ್ರ.

1986ರಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದ ಕಂಪ್ಯೂಟರ್ ಬಳಕೆಯ ಲೆಕ್ಕದಲ್ಲಿ 75 ಸೆಂಟ್ ತಾಳೆಯಾಗಲಿಲ್ಲ. ಒಂದು ಡಾಲರೂ ಅಲ್ಲವಲ್ಲ ಎಂದು ಬಿಟ್ಟುಬಿಡಬಹುದಿತ್ತು. ಅಲ್ಲಿ ಕೆಲಸಕ್ಕಿದ್ದ ಕ್ಲಿಫರ್ಡ್ ಸ್ಟಾಲ್ ಬಿಡಲಿಲ್ಲ. ಅವರು ಓದಿದ್ದು ಖಗೋಳ ವಿಜ್ಞಾನ. ನೋಡಿದ್ದನ್ನು ನೋಡಿದ ಹಾಗೆ ಬರೆಯುವುದು ಆ ವಿದ್ಯೆಯಲ್ಲೇ ಬಂದ ಅಭ್ಯಾಸ. ಆ ವ್ಯತ್ಯಾಸದ ಹಿಂದೆ ಕಂಪ್ಯೂಟರಿಗೆ ಕದ್ದು ಒಳನುಗ್ಗಿದವನೊಬ್ಬ ಇದ್ದ. ಅವನು ಒತ್ತಿದ ಒಂದೊಂದು ಕೀಲಿಯನ್ನೂ ಪ್ರಿಂಟರ್‌ನಲ್ಲಿ ಇಳಿಸಿ, ದಿನ, ಗಂಟೆ ಹಾಕಿ ಪುಸ್ತಕದಲ್ಲಿ ದಾಖಲಿಸಿದರು. ಆ ಜಾಡು ಕೊನೆಗೆ ಪಶ್ಚಿಮ ಜರ್ಮನಿಯ ಹ್ಯಾನೋವರ್‌ನಲ್ಲಿದ್ದ ಮಾರ್ಕುಸ್ ಹೆಸ್‌ನ ಬಾಗಿಲಿಗೆ ಮುಟ್ಟಿತು. ಅವನ ತಂಡ ಮಾಹಿತಿಯನ್ನು ಸೋವಿಯತ್ ಕೆಜಿಬಿಗೆ ಮಾರುತ್ತಿತ್ತು. ನ್ಯಾಯಾಲಯದಲ್ಲಿ ಸ್ಟಾಲ್ ಸಾಕ್ಷಿ ಹೇಳಿದರು, 1990ರಲ್ಲಿ ತಪ್ಪಿತಸ್ಥರಿಗೆ ಶಿಕ್ಷೆಯಾಯಿತು. ಅಷ್ಟು ತಿಂಗಳ ಘಟನೆಗಳನ್ನು ನೆನಪಿನಿಂದ ಹೇಳಲು ಯಾರಿಗೆ ಸಾಧ್ಯ?

ನಿನ್ನ ಮಟ್ಟಿಗೆ ಅಂಥ ದಾಖಲೆ ಹೇಗಿರಬೇಕು? ವರ್ಚುವಲ್‌ಬಾಕ್ಸ್‌ನಲ್ಲಿ ಎರಡು ಯಂತ್ರ ಹೂಡಿದ್ದೀಯ ಎನ್ನು: ಒಂದು ಕಾಲಿ ಲಿನಕ್ಸ್, ಇನ್ನೊಂದು ಅಭ್ಯಾಸಕ್ಕೆಂದೇ ಸಡಿಲವಾಗಿ ಮಾಡಿಟ್ಟ ಮೆಟಾಸ್‌ಪ್ಲಾಯ್ಟಬಲ್. ಆಗ ಹೀಗೆ ಬರೆ: ‘ರಾತ್ರಿ 9.40. ಎನ್‌ಮ್ಯಾಪ್ ಓಡಿಸಿದೆ, ಎರಡನೇ ಯಂತ್ರ ಕಾಣಲಿಲ್ಲ. ಫೈರ್‌ವಾಲ್ ಇರಬೇಕು ಎಂದುಕೊಂಡೆ. ಅಲ್ಲ. ಆ ಯಂತ್ರಕ್ಕೆ ಐಪಿ ವಿಳಾಸವೇ ಸಿಕ್ಕಿಲ್ಲ. ಕಾಲಿ ಹೋಸ್ಟ್-ಓನ್ಲಿಯಲ್ಲಿದೆ, ಅದು ಇಂಟರ್ನಲ್ ನೆಟ್‌ವರ್ಕ್‌ನಲ್ಲಿದೆ. ಎರಡನ್ನೂ ಹೋಸ್ಟ್-ಓನ್ಲಿಗೆ ತಂದೆ, 10.25ಕ್ಕೆ ಕಂಡಿತು.’ ಕೊಟ್ಟ ಕಮಾಂಡು, ಬಂದ ಉತ್ತರ, ಸಾಫ್ಟ್‌ವೇರ್ ಆವೃತ್ತಿ ಇದ್ದದ್ದು ಇದ್ದ ಹಾಗೆ ಜೊತೆಗಿರಲಿ. ನಿನ್ನ ಊಹೆ ಎಲ್ಲಿ ತಪ್ಪಿತು ಎಂಬ ಆ ಸಾಲು ಇದೆಯಲ್ಲ, ನಾಳೆ ಸಂದರ್ಶನ ಮಾಡುವವರು ಹುಡುಕುವುದು ಅದನ್ನೇ. ಸರ್ಟಿಫಿಕೇಟು ಎಲ್ಲರ ಹತ್ತಿರ ಇರುತ್ತದೆ.

ಭಾಷೆಯ ಅಂಜಿಕೆ ಬೇಡ. ಮನೆಯಲ್ಲಿ ಕೊಂಕಣಿ ಮಾತಾಡಿ, ಶಾಲೆಯಲ್ಲಿ ಕನ್ನಡ ಕಲಿತವಳು ನೀನು. ಮೊದಲು ಕನ್ನಡದಲ್ಲೇ ಬರೆ, ಇಂಗ್ಲಿಷಿಗೆ ಆಮೇಲೆ ತಂದರಾಯಿತು. ನೆಟ್‌ವರ್ಕ್ ಸಿಗುವುದಿಲ್ಲ ಎಂಬ ನೆಪವೂ ನಡೆಯದು. ಟಿಪ್ಪಣಿಗಳನ್ನು ಗಿಟ್‌ನಲ್ಲಿಡು, ಕಮಿಟ್ ಮಾಡಲು ಇಂಟರ್ನೆಟ್ ಬೇಕಾಗಿಲ್ಲ. ಅಣಶಿಯಲ್ಲೇ ಕಮಿಟ್ ಮಾಡಿಟ್ಟು, ಜೋಯಿಡಾಕ್ಕೋ ಕಾರವಾರಕ್ಕೋ ಹೋದಾಗ ಪುಶ್ ಮಾಡಬಹುದು. ಮಳೆಗಾಲದಲ್ಲಿ ಕರೆಂಟ್ ಹೋದರೆ ಕಾಗದದ ಪುಸ್ತಕ ಇದ್ದೇ ಇದೆ.

ಪುಶ್ ಮಾಡುವ ಮುಂಚೆ ಒಮ್ಮೆ ಕಣ್ಣಿಟ್ಟು ನೋಡು. ಪಾಸ್‌ವರ್ಡ್ ಇದ್ದ ಕಡತವನ್ನು ಆಮೇಲೆ ಅಳಿಸಿದರೂ ಗಿಟ್‌ನ ಹಳೆಯ ಕಮಿಟ್‌ನಲ್ಲಿ ಅದು ಹಾಗೇ ಉಳಿದಿರುತ್ತದೆ. ಒಮ್ಮೆ ಹೊರಗೆ ಹೋದ ಪಾಸ್‌ವರ್ಡನ್ನು ಬದಲಿಸುವುದೊಂದೇ ದಾರಿ. ಸ್ಕ್ರೀನ್‌ಶಾಟ್‌ನ ಮೂಲೆಯಲ್ಲಿ ಅಪ್ಪನ ಫೋನ್ ನಂಬರ್ ಉಳಿದಿರಬಾರದು.

ಇನ್ನೊಂದನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಘಟ್ಟ ಇಳಿದರೆ ಕದ್ರಾ, ಅದರ ಆಚೆಗೇ ಕೈಗಾ ಅಣು ವಿದ್ಯುತ್ ಸ್ಥಾವರ. ಅಂಥದ್ದೇ ಸ್ಥಾವರ ತಮಿಳುನಾಡಿನ ಕೂಡಂಕುಳಂನಲ್ಲೂ ಇದೆ; 2019ರಲ್ಲಿ ಅದರ ಆಡಳಿತ ವಿಭಾಗದ ಒಂದು ಕಂಪ್ಯೂಟರಿನಲ್ಲಿ ಮಾಲ್‌ವೇರ್ ಸಿಕ್ಕಿತ್ತು. ಸ್ಥಾವರ ನಡೆಸುವ ವ್ಯವಸ್ಥೆ ಬೇರೆಯೇ ಇದ್ದು, ಅದಕ್ಕೆ ತಗುಲಲಿಲ್ಲ ಎಂದು ಅಣು ವಿದ್ಯುತ್ ನಿಗಮ ತಿಳಿಸಿತು. ಇಂಥದ್ದನ್ನು ಓದು, ಟಿಪ್ಪಣಿ ಮಾಡು. ಆದರೆ ಪರೀಕ್ಷೆ ನಿನ್ನ ಯಂತ್ರದ ಮೇಲೆ ಮಾತ್ರ. ಕಾಲೇಜಿನ ವೈಫೈ, ಪಂಚಾಯಿತಿಯ ಕಂಪ್ಯೂಟರ್ ಯಾವುದನ್ನೂ ಬರಹದಲ್ಲಿ ಅನುಮತಿ ಇಲ್ಲದೆ ಮುಟ್ಟಬೇಡ. ಅನುಮತಿಯಿಲ್ಲದೆ ಒಳಹೊಕ್ಕರೆ ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ 43ನೇ ಕಲಮಿನಂತೆ ಪರಿಹಾರ ಕಟ್ಟಬೇಕಾಗುತ್ತದೆ. ಅದರಲ್ಲಿ ಅಪ್ರಾಮಾಣಿಕ ಉದ್ದೇಶ ಕಂಡರೆ 66ನೇ ಕಲಮಿನಂತೆ 3 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಅಕಸ್ಮಾತ್ ಎಲ್ಲಾದರೂ ದೋಷ ಕಣ್ಣಿಗೆ ಬಿದ್ದರೆ ಗೆಳತಿಯರಿಗೆ ತೋರಿಸುತ್ತ ಕೂರಬೇಡ, ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆಗೆ ತಿಳಿಸು.

ಮೊದಲ ಪುಟ ಈ ರಾತ್ರಿಯೇ ಬರೆ. ಮುಂದಿನ ಸಲ ದಾಂಡೇಲಿಗೆ ಬಂದಾಗ ಪುಸ್ತಕ ತಾ, ಕೂತು ಓದೋಣ.