ತಾನಾಗಿ ಆರುವ ಗಣಕಯಂತ್ರ

ತಾವೇ ಬಿಡಿಭಾಗಗಳನ್ನು ಜೋಡಿಸಿದ ಹೊಸ ಗಣಕಯಂತ್ರವು ಕೆಲವು ನಿಮಿಷ ನಡೆದು ಥಟ್ಟನೆ ಆರಿಹೋದರೆ ವಿದ್ಯಾರ್ಥಿಗಳು ಎದೆಗುಂದಬೇಕಾಗಿಲ್ಲ. ಅದು ಬಹುಮಟ್ಟಿಗೆ ಯಂತ್ರದ ಆತ್ಮರಕ್ಷಣೆ. ಪ್ರೊಸೆಸರಿನ ಉಷ್ಣತೆ ಸುಮಾರು 100 ಡಿಗ್ರಿ ಸೆಂಟಿಗ್ರೇಡನ್ನು ಮುಟ್ಟಿದಾಗ ಮೊದಲು ಅದರ ವೇಗ ತಗ್ಗುತ್ತದೆ. ಅದೂ ಸಾಲದಾದರೆ ಯಂತ್ರವೇ ನಿಲ್ಲುತ್ತದೆ.

ಇಷ್ಟು ಶಾಖವೇಕೆ? ಪ್ರೊಸೆಸರಿಗೂ ಅದರ ಮೇಲಿನ ಲೋಹದ ಶಾಖಹಾರಿಗೂ ನಡುವೆ ಕಣ್ಣಿಗೆ ಕಾಣದ ಗಾಳಿಯ ಪೊಳ್ಳುಗಳಿರುತ್ತವೆ. ಗಾಳಿಯಾದರೋ ಅಲ್ಯೂಮಿನಿಯಮ್ಮಿನ ಸಾವಿರದಲ್ಲೊಂದು ಪಾಲಿನಷ್ಟೂ ಶಾಖವನ್ನು ಸಾಗಿಸಲಾರದು. ಆದುದರಿಂದಲೇ ಅಲ್ಲಿ ಉಷ್ಣಲೇಪವನ್ನು ಸವರುವುದು. ಲೇಪ ಮರೆತಿರಬಹುದು, ಶಾಖಹಾರಿಯ ತಳದ ಪ್ಲಾಸ್ಟಿಕ್ ಹಾಳೆ ಹಾಗೆಯೇ ಉಳಿದಿರಬಹುದು.

ಬಯಾಸ್ ತೆರೆಯಲ್ಲಿ ಉಷ್ಣತೆಯು ಏರುತ್ತಲೇ ಹೋದರೆ ದೋಷವು ಇಲ್ಲಿಯೇ ಇದೆಯೆನ್ನಬಹುದು. ಉಷ್ಣತೆ ತಗ್ಗಿದ್ದರೂ, ಹೆಚ್ಚಿನ ಕೆಲಸ ಹೊರಿಸಿದೊಡನೆ ಯಂತ್ರವು ಆರಿದರೆ ವಿದ್ಯುತ್ ಪೂರೈಕೆಯ ಪೆಟ್ಟಿಗೆಯನ್ನು ಸಂದೇಹಿಸಬೇಕು. ಆದರೆ ಆ ಪೆಟ್ಟಿಗೆಯನ್ನು ಎಂದಿಗೂ ಬಿಚ್ಚಬಾರದು. ಪ್ಲಗ್ಗನ್ನು ಕಿತ್ತ ಬಳಿಕವೂ ಅದರ ಕೆಪ್ಯಾಸಿಟರುಗಳಲ್ಲಿ ಪ್ರಾಣಾಂತಕವಾದ ವಿದ್ಯುತ್ತು ಉಳಿದಿರಬಹುದು.