ಮಾಡಿಗೆ ಏನು ಹೊದಿಸುತ್ತೀ, ತಮ್ಮಾ?

ತಮ್ಮಾ, ಈ ಸಲದ ಮನೆ ಪಟ್ಟಿಯಲ್ಲಿ ನಿನ್ನ ಹೆಸರು ಬಂದಿದೆಯೆಂದು ಕೇಳಿ ಸಂತೋಷವಾಯಿತು. ಪ್ರಧಾನಮಂತ್ರಿ ಆವಾಸ್ ಯೋಜನೆಯ 1 ಲಕ್ಷ 20 ಸಾವಿರ ಕಂತುಕಂತಾಗಿ ನಿನ್ನ ಖಾತೆಗೇ ಬರುತ್ತದೆ. ಶೌಚಾಲಯದ 12 ಸಾವಿರ ಬೇರೆ. ನಮ್ಮ ಸೋಂದೆಯ ಮಳೆಗೆ ನಿಲ್ಲುವ ಮನೆ ಅಷ್ಟರಲ್ಲಿ ಮುಗಿಯುವುದಿಲ್ಲ, ಕೈಯಿಂದಲೂ ಹಾಕಬೇಕು, ಸಾಲವೂ ಆಗುತ್ತದೆ. ಎಲ್ಲಿ ಉಳಿಸಲಿ ಎಂದು ಈಗಲೇ ಲೆಕ್ಕ ಹಾಕುತ್ತಿರುತ್ತೀ. ಎಲ್ಲರೂ ಉಳಿಸಲು ನೋಡುವುದು ಮಾಡಿನಲ್ಲಿ. ನಾನು ಹೇಳಬೇಕಾದದ್ದೂ ಮಾಡಿನ ಬಗ್ಗೆಯೇ.

ಈ ಯೋಜನೆಯಲ್ಲಿ ಗುತ್ತಿಗೆದಾರ ಇಲ್ಲ, ಮನೆ ನೀನೇ ಕಟ್ಟಿಸಬೇಕು. 25 ಚದರ ಮೀಟರಿಗೆ ಕಡಿಮೆ ಇರಬಾರದು, ಪಕ್ಕಾ ಆಗಿರಬೇಕು. ಯಾವ ಸಾಮಾನು ತರಬೇಕೆಂಬುದು ನಿನ್ನ ಕೈಯಲ್ಲಿದೆ. ಫೋಟೊ ತೆಗೆಯಲು ಬರುವವರು ಮಾಡು ಮುಗಿದಿದೆಯೋ ಇಲ್ಲವೋ ಎಂದು ನೋಡುತ್ತಾರೆ. ಹೊದಿಸಿದ್ದರೊಳಗೆ ಏನಿದೆ ಎಂದು ಕೇಳುವವರು ಯಾರೂ ಇಲ್ಲ. ಅಂಗಡಿಯಲ್ಲಿ ನಿಂತು ನೀನೇ ಕೇಳಬೇಕು.

ನಾವು ಸಿಮೆಂಟ್ ಶೀಟು ಎನ್ನುತ್ತೇವಲ್ಲ, ಅದರಲ್ಲಿ ನೂರಕ್ಕೆ ಎಂಟು-ಹತ್ತು ಪಾಲು ಆಸ್ಬೆಸ್ಟಾಸ್, ಅಂದರೆ ಕಲ್ನಾರು. ಅದರ ಎಳೆ ಕಣ್ಣಿಗೆ ಕಾಣದಷ್ಟು ಸಣ್ಣದು. ಉಸಿರಿನ ಜೊತೆ ಒಳಗೆ ಹೋದರೆ ಶ್ವಾಸಕೋಶದಲ್ಲೇ ಕೂರುತ್ತದೆ. ಶ್ವಾಸಕೋಶದ ಕ್ಯಾನ್ಸರು, ಅದರ ಹೊರಪದರಕ್ಕೆ ಬರುವ ಮೆಸೊಥೆಲಿಯೋಮಾ ಎಂಬ ಕ್ಯಾನ್ಸರು, ಎರಡಕ್ಕೂ ಇದು ಕಾರಣ. ಬಿಳಿ ಕಲ್ನಾರೂ ಸೇರಿ ಇದರ ಎಲ್ಲ ಬಗೆಗಳೂ ಕ್ಯಾನ್ಸರು ತರುತ್ತವೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ರೋಗ ಕಾಣಿಸಿಕೊಳ್ಳಲು ಇಪ್ಪತ್ತು, ಮೂವತ್ತು, ನಲವತ್ತು ವರ್ಷವೂ ಹಿಡಿಯುತ್ತದೆ. ಅದಕ್ಕೇ 1995ರಲ್ಲಿ ಸುಪ್ರೀಂ ಕೋರ್ಟು, ಕಲ್ನಾರು ಕಾರ್ಖಾನೆಯ ಕೆಲಸಗಾರರ ಆರೋಗ್ಯದ ದಾಖಲೆಯನ್ನು ಕನಿಷ್ಠ 40 ವರ್ಷ ಇಡಬೇಕು ಎಂದಿತು. ಕಾರ್ಖಾನೆಯವನಿಗೆ ಅಷ್ಟಾದರೂ ಉಂಟು. ನಮ್ಮೂರಿನ ಗೌಂಡಿ ಗ್ರೈಂಡರ್ ಹಿಡಿದು ಶೀಟು ಕತ್ತರಿಸಿ, ಬಿಳಿ ಧೂಳಿನಲ್ಲಿ ನಿಂತು ಕೆಮ್ಮುತ್ತಾನಲ್ಲ, ಅವನ ದಾಖಲೆ ಎಲ್ಲಿದೆ?

ಜನ ಶೀಟಿಗೆ ಯಾಕೆ ಹೋದರು ಎಂಬುದು ನನಗೆ ತಿಳಿಯದ್ದಲ್ಲ. ಮಂಗಗಳು ಹೆಂಚು ಒಡೆಯುತ್ತವೆ. ಹೆಂಚಿಗೆ ಪಕಾಸು, ರೀಪು ಎಂದು ಮರ ಹೆಚ್ಚು ಬೇಕು, ಪ್ರತಿವರ್ಷ ಮಾಡು ಹತ್ತಿ ಕೈಯಾಡಿಸಬೇಕು, ಆ ಕೆಲಸಕ್ಕೆ ಆಳು ಸಿಗುವುದಿಲ್ಲ. ಶೀಟಾದರೆ ಒಂದೇ ದಿನದಲ್ಲಿ ಮುಗಿಯುತ್ತದೆ. ಬಡವನಿಗೆ ಇದು ಸಣ್ಣ ಕಾರಣವಲ್ಲ, ಹಾಕಿಸಿದವರನ್ನು ನಾನು ದೂರುವುದೂ ಇಲ್ಲ. ಆದರೆ ದಕ್ಷಿಣ ಕೊರಿಯಾದಲ್ಲಿ ಆದದ್ದನ್ನು ಕೇಳು. 1970ರ ದಶಕದಲ್ಲಿ ಅಲ್ಲಿನ ಸರ್ಕಾರ ಹಳ್ಳಿಗಳ ಸುಧಾರಣೆಗೆಂದು ದೊಡ್ಡ ಚಳವಳಿಯನ್ನೇ ನಡೆಸಿತು. ಹುಲ್ಲಿನ ಮಾಡು ಕಿತ್ತು ಕಲ್ನಾರಿನ ಶೀಟು ಹೊದಿಸಲು ಸರ್ಕಾರವೇ ನೆರವಾಯಿತು. 2009ರಲ್ಲಿ ಅದೇ ದೇಶ ಕಲ್ನಾರನ್ನು ನಿಷೇಧಿಸಿತು. ಆ ಮೇಲೆ ಅದೇ ಹಳ್ಳಿಗಳ ಅದೇ ಮಾಡುಗಳಿಂದ ಶೀಟು ಇಳಿಸಲು ಮತ್ತೆ ಸರ್ಕಾರವೇ ಹಣ ಕೊಡಬೇಕಾಯಿತು. ನೆದರ್‌ಲ್ಯಾಂಡ್ಸಿನಲ್ಲಿ 2016ರಿಂದ 2018ರವರೆಗೆ ಚದರ ಮೀಟರಿಗೆ ನಾಲ್ಕೂವರೆ ಯೂರೊ ಕೊಟ್ಟು ತೆಗೆಸಿದರು. ಪೋಲೆಂಡು 2032ರೊಳಗೆ ಇಡೀ ದೇಶದಿಂದ ತೆಗೆಯುವ ಯೋಜನೆ ಹಾಕಿಕೊಂಡಿದೆ. ನಮ್ಮಲ್ಲಿ ಮನೆ ಕಟ್ಟಲು ಅನುದಾನ ಉಂಟು, ಶೀಟು ತೆಗೆಸಲು ಇಲ್ಲ. ಈಗ ಹಾಕಿಸಿದರೆ ಮುಂದೆ ತೆಗೆಸುವ ಖರ್ಚು ನಿನ್ನದು, ಇಲ್ಲವೇ ನಿನ್ನ ಮಕ್ಕಳದು. ಈಗ ಉಳಿಯುವ ಕೆಲವು ಸಾವಿರವನ್ನು ಆ ಖರ್ಚಿನ ಪಕ್ಕದಲ್ಲಿಟ್ಟು ನೋಡು.

ಹಾಗಾದರೆ ಏನು ಹೊದಿಸಲಿ ಎನ್ನುತ್ತೀ. ಹಳೆಯ ಮನೆ ಕೀಳುವ ಕಡೆ ಮಂಗಳೂರು ಹೆಂಚು ಅಗ್ಗಕ್ಕೆ ಸಿಗುತ್ತದೆ, ತಟ್ಟಿ ನೋಡಿ ಗಟ್ಟಿಯಿದ್ದದ್ದನ್ನು ಆರಿಸಿಕೊ. ಮಂಗದ ಕಾಟ ಹೆಚ್ಚಿದ್ದರೆ ತಗಡು ಹಾಕಿಸು. ಮಳೆಯಲ್ಲಿ ಸದ್ದು, ಬೇಸಿಗೆಯಲ್ಲಿ ಸೆಕೆ, ನಿಜ. ಕೆಳಗೊಂದು ಅಟ್ಟ ಮಾಡಿಸಿದರೆ ಎರಡೂ ತಗ್ಗುತ್ತವೆ. ಕಲ್ನಾರು ಇಲ್ಲದ ಸಿಮೆಂಟ್ ಶೀಟೂ ಬಂದಿದೆ, ಬೆಲೆ ತುಸು ಹೆಚ್ಚು. ಅದನ್ನೇ ತರುವುದಾದರೆ ಬಾಯಿಮಾತು ನಂಬಬೇಡ, ಬಿಲ್ಲಿನಲ್ಲಿ ಬರೆಸಿಕೊ. ಗೋಡೆಗೆ ನಮ್ಮ ಕೆಂಪುಕಲ್ಲು ಇದ್ದೇ ಇದೆ. ಅದು ದುಬಾರಿಯಾದರೆ, ನಮ್ಮ ಅಡುಗೆಮನೆಗಳಿಗೆ ಅಸ್ತ್ರ ಒಲೆ ಕೊಟ್ಟರಲ್ಲ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು, ಅವರೇ ಮಣ್ಣಿಗೆ ತುಸು ಸಿಮೆಂಟು ಬೆರೆಸಿ ಯಂತ್ರದಲ್ಲಿ ಒತ್ತಿ, ಸುಡದೆಯೇ ಇಟ್ಟಿಗೆ ಮಾಡುವ ಕ್ರಮವನ್ನೂ ಬೆಳೆಸಿದ್ದಾರೆ.

ಈಗ ನಿಮ್ಮ ಕೊಟ್ಟಿಗೆ, ಬಚ್ಚಲ ಮೇಲಿರುವ ಹಳೆಯ ಶೀಟಿನ ಮಾತು. ಹೆದರಿ ಇವತ್ತೇ ಕೀಳಲು ಹೋಗಬೇಡ. ಗಟ್ಟಿಯಾಗಿ ಸುಮ್ಮನಿರುವ ಶೀಟಿನಿಂದ ಎಳೆ ಏಳುವುದು ಕಡಿಮೆ. ಕತ್ತರಿಸಿದಾಗ, ತೂತು ಕೊರೆದಾಗ, ಒಡೆದಾಗ, ತಿಕ್ಕಿದಾಗ ಏಳುತ್ತದೆ. ಮಳೆಗಾಲಕ್ಕೆ ಮೊದಲು ಒಣಗಿದ ಹಾವಸೆಯನ್ನು ತಂತಿ ಬ್ರಷ್ಷಿನಲ್ಲಿ ಕೆರೆಯುತ್ತೀರಲ್ಲ, ಆ ಕೆಲಸ ಇನ್ನು ಬೇಡ. ನೀನು ಮೇಲೆ ಕೆರೆಯುವಾಗ ಕೆಳಗೆ ಅಂಗಳದಲ್ಲಿ ಮಕ್ಕಳು ಆಡುತ್ತಿರುತ್ತವೆ. ತೆಗೆಯಲೇಬೇಕಾಗಿ ಬಂದರೆ ನೀರು ಹೊಡೆದು ನೆನೆಸಿ, ಬೋಲ್ಟು ಬಿಚ್ಚಿ, ಇಡಿಯಾಗಿಯೇ ಇಳಿಸಬೇಕು. ಮೂಗಿಗೆ ಬಟ್ಟೆ ಕಟ್ಟಿದರೆ ಸಾಲದು, ಸಣ್ಣ ಧೂಳು ತಡೆಯುವ ಮಾಸ್ಕೇ ಬೇಕು. ಒಡಕು ಚೂರನ್ನು ರಸ್ತೆಯ ಹೊಂಡಕ್ಕೋ ತೋಟದ ದಾರಿಗೋ ಹಾಕಬೇಡ. ತುಳಿದು ತುಳಿದು ಅದು ಮತ್ತೆ ಧೂಳಾಗಿ ಏಳುತ್ತದೆ.

ಬಣ್ಣದ ಬಗ್ಗೆಯೂ ಹೇಳಿಬಿಡುತ್ತೇನೆ. ಬೆಂಗಳೂರಿನ ಡಾ. ತುಪ್ಪಿಲ್ ವೆಂಕಟೇಶ್ ಅವರಂಥವರು ಬಣ್ಣದಲ್ಲಿರುವ ಸೀಸದ ವಿಷ ಮಕ್ಕಳ ಮಿದುಳಿಗೆ ಏನು ಮಾಡುತ್ತದೆಂದು ವರ್ಷಗಟ್ಟಲೆ ಹೇಳುತ್ತಾ ಬಂದರು. 2016ರಲ್ಲಿ ಕೇಂದ್ರ ಸರ್ಕಾರ ನಿಯಮ ಮಾಡಿತು. ಮನೆಯ ಬಣ್ಣದಲ್ಲಿ ಹತ್ತು ಲಕ್ಷ ಪಾಲಿಗೆ 90 ಪಾಲಿಗಿಂತ ಹೆಚ್ಚು ಸೀಸ ಇರಬಾರದು, ಅದನ್ನು ಡಬ್ಬಿಯ ಮೇಲೆ ಬರೆದಿರಬೇಕು. ಬರೆಯದ ಡಬ್ಬಿಯನ್ನು ವಾಪಸು ಕೊಡು. ಕಿಟಕಿಯ ಸರಳಿಗೆ ಕೈಗಾರಿಕೆಯ ಬಣ್ಣ ಅಗ್ಗವೆಂದು ಬಳಿಯುತ್ತಾರೆ. ಅದು ಈ ನಿಯಮಕ್ಕೆ ಸೇರಿಲ್ಲ, ಮಕ್ಕಳು ಬಾಯಿಟ್ಟು ಕಚ್ಚುವುದು ಆ ಸರಳನ್ನೇ. ಒಳಗೋಡೆಗೆ ಸುಣ್ಣ ಸಾಕು. ಒರಲೆಗೆಂದು ಪಾಯಕ್ಕೆ ಹೊಯ್ಯುವ ವಿಷವನ್ನಂತೂ ಬಾವಿಯ ಹತ್ತಿರ ತರಲೇಬೇಡ. ಮರಕ್ಕೆ ನಮ್ಮ ಗೇರೆಣ್ಣೆಯೇ ಆದೀತು, ಬಳಿಯುವಾಗ ಚರ್ಮಕ್ಕೆ ತಾಗದಂತೆ ಜಾಗ್ರತೆ.

ಇನ್ನೊಂದು ಕೆಲಸವಿದೆ, ಅದು ನಿನ್ನೊಬ್ಬನಿಂದ ಆಗುವುದಲ್ಲ. ಬರುವ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳು. ಕಲ್ನಾರು ಬಿಟ್ಟು ಹೆಂಚೋ ತಗಡೋ ಹಾಕಿಸುವವರಿಗೆ ಅನುದಾನದಲ್ಲಿ ಸ್ವಲ್ಪ ಹೆಚ್ಚು ಕೊಡಿ, ಶಾಲೆ, ಅಂಗನವಾಡಿಗಳಲ್ಲಿ ಎಲ್ಲಿಯಾದರೂ ಹಳೆಯ ಶೀಟು ಇದ್ದರೆ ಮೊದಲು ಅದನ್ನು ತೆಗೆಸಿ ಎಂದು ಸರ್ಕಾರಕ್ಕೆ ಬರೆಯುವ ಠರಾವು ಮಾಡಿಸು. ಪಂಚಾಯಿತಿಯ ಪಿಡಿಒ ಇದು ನಮ್ಮ ಕೈಯಲ್ಲಿಲ್ಲ ಎನ್ನಬಹುದು. ಠರಾವು ಬರೆಯುವುದಂತೂ ಅವರ ಕೈಯಲ್ಲಿದೆ. ನಾನೂ ಬರುತ್ತೇನೆ, ಹೇಳುವುದನ್ನು ಇಬ್ಬರೂ ಹೇಳೋಣ.